ಲೈಬ್ರರಿಗಳ ಲೆಕ್ಕ ಇಡುವವರು ಯಾರು?

ಬೆಂಗಳೂರಿನಲ್ಲಿ ಸರ್ವರ್‌ಗಳ ನಿರ್ವಹಣೆಯೇ ನನ್ನ ವೃತ್ತಿ. ನಮ್ಮಲ್ಲಿಗೆ ಹೊಸದಾಗಿ ಬರುವ ತರುಣರು ಹಳೆಯ ಮತ್ತು ಇಂದಿನ ಲಿನಕ್ಸ್ ವಿತರಣೆಗಳ (ಲಿನಕ್ಸ್ ಕಾರ್ಯವ್ಯವಸ್ಥೆಯನ್ನು ತಂತ್ರಾಂಶಗಳೊಡನೆ ಕಟ್ಟಿಕೊಡುವ ಸಿದ್ಧ ರೂಪಗಳ) ವ್ಯತ್ಯಾಸವನ್ನು ಪರದೆಯ ಅಂದಚೆಂದದಲ್ಲಿ ಹುಡುಕುತ್ತಾರೆ. ಆದರೆ ಯಾವ ತಂತ್ರಾಂಶಕ್ಕೆ ಯಾವ ಲೈಬ್ರರಿ (ಹಲವು ತಂತ್ರಾಂಶಗಳು ಹಂಚಿಕೊಂಡು ಬಳಸುವ ಸಿದ್ಧ ಸಂಕೇತದ ಕಡತ) ಬೇಕೆಂಬ ಲೆಕ್ಕವನ್ನು ಯಾರು ಇಡುತ್ತಾರೆ ಎಂಬುದರಲ್ಲೇ ನಿಜವಾದ ವ್ಯತ್ಯಾಸವಿದೆ.

1993ರ ಜುಲೈಯಲ್ಲಿ ಪ್ಯಾಟ್ರಿಕ್ ವೋಲ್ಕರ್ಡಿಂಗ್ ಹೊರತಂದ ಸ್ಲ್ಯಾಕ್‌ವೇರ್ ಎಂಬ ವಿತರಣೆ 24 ಫ್ಲಾಪಿಗಳಷ್ಟಿತ್ತು. ಅದರ ಪ್ಯಾಕೇಜು ಎಂದರೆ ಅದುಮಿ ಕಟ್ಟಿದ ಕಡತಗಳ ಗಂಟು. ತನಗೆ ಇನ್ನೇನು ಬೇಕೆಂದು ಅದು ಹೇಳುತ್ತಿರಲಿಲ್ಲ. ಲೈಬ್ರರಿ ಇಲ್ಲವೆಂಬುದು ತಂತ್ರಾಂಶವನ್ನು ಚಲಾಯಿಸಿದಾಗಲೇ ತಿಳಿಯುತ್ತಿತ್ತು. ಆಮೇಲೆ ಮೂಲಸಂಕೇತ ಹುಡುಕಿ ತಂದು ಕಂಪೈಲ್ ಮಾಡಬೇಕಿತ್ತು, ಅಂದರೆ ಯಂತ್ರಕ್ಕೆ ಅರ್ಥವಾಗುವ ರೂಪಕ್ಕೆ ತರಬೇಕಿತ್ತು. ಚಿತ್ರಾತ್ಮಕ ಪರದೆ ಬೇಕೆಂದರೆ ಮಾನಿಟರಿನ ಸಿಂಕ್ ಆವರ್ತನಗಳನ್ನೂ (ಅದು ಯಾವ ವೇಗದಲ್ಲಿ ಚಿತ್ರ ಮೂಡಿಸಬೇಕೆಂಬ ಅಂಕಿಗಳನ್ನೂ) ನಾವೇ ಬರೆಯಬೇಕಿತ್ತು. ಎಸ್.ಪಿ. ರಸ್ತೆಯಲ್ಲಿ ಕೊಂಡ ಹಳೆಯ ಮಾನಿಟರಿಗೆ ಕೈಪಿಡಿ ಎಲ್ಲಿಂದ ಬರಬೇಕು? ಅಂಕಿ ತಪ್ಪಿದರೆ ಕೆಲವು ಮಾನಿಟರುಗಳು ಕೆಡುವ ಅಪಾಯವೂ ಇತ್ತು.

ಅದೇ ವರ್ಷದ ಆಗಸ್ಟಿನಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್ ವಿತರಣೆ, ಪ್ರತಿ ಪ್ಯಾಕೇಜಿನ ಅವಲಂಬನೆಗಳನ್ನು, ಅಂದರೆ ಅದಕ್ಕೆ ಬೇಕಾದ ಇತರ ಪ್ಯಾಕೇಜುಗಳ ಹೆಸರನ್ನು, ಅದರೊಳಗೇ ಬರೆದಿಡುವ ಪದ್ಧತಿಯನ್ನು ಬೆಳೆಸಿತು. ಬರೆದಿಟ್ಟ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ, ಏಕೆಂದರೆ ಪ್ಯಾಕೇಜು ಅನುಸ್ಥಾಪಿಸುವ ಸಾಧನಗಳಾದ ಡೆಬಿಯನ್‌ನ ಡಿಪಿಕೆಜಿಯಾಗಲಿ, ರೆಡ್ ಹ್ಯಾಟ್ ಎಂಬ ಮತ್ತೊಂದು ವಿತರಣೆಯ ಆರ್‌ಪಿಎಂ ಆಗಲಿ, ಇಂಥದ್ದು ಇಲ್ಲವೆಂದು ಹೇಳಿ ಕೈಕಟ್ಟಿ ನಿಲ್ಲುತ್ತಿದ್ದವು. ಅದನ್ನು ತಂದರೆ ಅದಕ್ಕೆ ಮತ್ತೊಂದು ಬೇಕಾಗುತ್ತಿತ್ತು. ಡಯಲ್-ಅಪ್ ಸಂಪರ್ಕದಲ್ಲಿ ಈ ಸರಪಳಿ ಹಿಡಿದು ಹೊರಟರೆ ರಾತ್ರಿ ಕಳೆಯುತ್ತಿತ್ತು. 1999ರ ಡೆಬಿಯನ್ 2.1ರೊಂದಿಗೆ ಬಂದ ಎಪಿಟಿ ಎಂಬ ಸಾಧನ, ಬೇಕಾದುದನ್ನೆಲ್ಲ ತಾನೇ ಪತ್ತೆಹಚ್ಚಿ, ಇಳಿಸಿಕೊಂಡು, ಸರಿಯಾದ ಕ್ರಮದಲ್ಲಿ ಅನುಸ್ಥಾಪಿಸತೊಡಗಿತು. ನನ್ನ ಲೆಕ್ಕದಲ್ಲಿ ಹಳತು ಹೊಸತರ ಗಡಿ ಇದೇ; 2004ರ ಉಬುಂಟು ವಿತರಣೆ ಈ ಅಡಿಪಾಯದ ಮೇಲೆಯೇ ಎದ್ದಿತು. ಕನ್ನಡದ ಒತ್ತಕ್ಷರಗಳು ಇಂದು ಸರಿಯಾಗಿ ಮೂಡುವುದಕ್ಕೂ ಫಾಂಟು ಮತ್ತು ಅಕ್ಷರಗಳನ್ನು ಜೋಡಿಸಿಕೊಡುವ ಹಾರ್ಫ್‌ಬಜ್‌ನಂಥ ಲೈಬ್ರರಿ ನಾವು ಕೇಳದೆಯೇ ಜೊತೆಯಾಗಿ ಬಂದು ಕೂರುವುದೇ ಕಾರಣ.

ಈಚೆಗೆ ಸ್ನ್ಯಾಪ್, ಫ್ಲ್ಯಾಟ್‌ಪ್ಯಾಕ್ ಎಂಬ ಹೊಸ ಬಗೆಯ ಪ್ಯಾಕೇಜುಗಳು ಈ ಲೆಕ್ಕವನ್ನು ತಂತ್ರಾಂಶ ತಯಾರಕರಿಗೆ ವಹಿಸುತ್ತಿವೆ. ಅವರು ತಮ್ಮ ಲೈಬ್ರರಿಗಳನ್ನು ಕಟ್ಟಿಕೊಂಡೇ ಬರುವುದರಿಂದ ಅನುಸ್ಥಾಪನೆ ಸಲೀಸು. ಆದರೆ ಭದ್ರತಾದೋಷ ಕಂಡಾಗ ವಿತರಣೆಯ ಒಂದು ಪ್ಯಾಕೇಜನ್ನು ಸರಿಪಡಿಸಿದರೆ ಸಾಲದು, ಒಳಗೆ ಅಡಗಿದ ಪ್ರತಿಗಳನ್ನೂ ಹುಡುಕಬೇಕು. ಸರ್ವರ್‌ಗಳಲ್ಲಿ ಇದನ್ನು ನಾನು ಒಪ್ಪಿಕೊಳ್ಳುವುದು ಅನಿವಾರ್ಯವಾದಾಗ ಮಾತ್ರ.

2022ರಲ್ಲಿ ಬಂದ ಸ್ಲ್ಯಾಕ್‌ವೇರ್ 15.0 ಕೂಡ ಅವಲಂಬನೆಗಳನ್ನು ತಾನಾಗಿ ಬಿಡಿಸುವುದಿಲ್ಲ. ಹಾಗಾಗಿ ಹೊಸಬರಿಗೆ ಮೊದಲ ವಾರ ವರ್ಚುವಲ್ ಯಂತ್ರದಲ್ಲಿ ಅದನ್ನೇ ಕೊಡುತ್ತೇನೆ. ತಂತ್ರಾಂಶಕ್ಕೆ ಬೇಕಾದ ಲೈಬ್ರರಿಗಳನ್ನು ಪಟ್ಟಿಮಾಡುವ ಎಲ್‌ಡಿಡಿ ಆದೇಶ ಕೊಟ್ಟು, ಸಿಗದ ಲೈಬ್ರರಿಯ ಹೆಸರನ್ನು ಅವರು ಕಾಗದದ ಮೇಲೆ ಬರೆದುಕೊಳ್ಳಬೇಕು.