ಈ ಹೊಲ ಯಾವ ಬೆಳೆಗೆ?

ಮಾರ್ಚ್ ತಿಂಗಳಲ್ಲಿ ಸಿಂಧನೂರಿನ ಕಡೆ ಹೋದರೆ ಕೆಲವು ಹೊಲಗಳ ಬದುವಿನ ಮೇಲೆ ಹಿಟ್ಟು ಚೆಲ್ಲಿದ ಹಾಗೆ ಬೆಳ್ಳಗೆ ಕಾಣುತ್ತದೆ. ಕಾಲಿಟ್ಟರೆ ಮೇಲಿನ ಪದರ ಹಪ್ಪಳದ ಹಾಗೆ ಮುರಿಯುತ್ತದೆ, ಕೆಳಗೆ ಹಸಿ ಮಣ್ಣು. ಉಪ್ಪೇರಿದ ಈ ನೆಲಕ್ಕೆ ನಮ್ಮವರು ಸವಳು ಅನ್ನುತ್ತಾರೆ, ನೀರು ನಿಂತು ಕೆಟ್ಟದ್ದಕ್ಕೆ ಜವಳು. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಎರಡೂ ಜೋಡಿಯಾಗಿಯೇ ಬರುತ್ತವೆ. ಎರೆ ಮಣ್ಣು ನೀರನ್ನು ಬೇಗ ಕೆಳಕ್ಕೆ ಬಿಡುವುದಿಲ್ಲ. ಭತ್ತಕ್ಕೆ ನಿಲ್ಲಿಸಿದ ನೀರಿನಿಂದ ಅಂತರ್ಜಲ ಮೇಲೇರುತ್ತದೆ. ಬೇಸಿಗೆ ಬಿಸಿಲು ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಆ ನೀರನ್ನು ಮೇಲಕ್ಕೆ ಎಳೆಯುತ್ತದೆ. ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ.

ಇದೇ ಜಾಗವನ್ನು ಲ್ಯಾಂಡ್‌ಸ್ಯಾಟ್ ಉಪಗ್ರಹ 705 ಕಿ.ಮೀ. ಎತ್ತರದಿಂದ ನೋಡುತ್ತದೆ. ಅದರ ಚಿತ್ರದ ಒಂದು ಚುಕ್ಕೆ ಅಂದರೆ ನೆಲದ ಮೇಲೆ 30 ಮೀಟರ್ ಉದ್ದ, 30 ಮೀಟರ್ ಅಗಲ. ಯುರೋಪಿನ ಸೆಂಟಿನೆಲ್-2ರದ್ದು ಇನ್ನೂ ಸಣ್ಣದು, 10 ಮೀಟರ್. ಒಂದು ಎಕರೆಗೆ ಸುಮಾರು 40 ಚುಕ್ಕೆ! ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನೂ ಇವು ಹಿಡಿಯುತ್ತವೆ. ಆರೋಗ್ಯವಾದ ಎಲೆ ಆ ಬೆಳಕನ್ನು ಜೋರಾಗಿ ಹಿಂದಕ್ಕೆ ಚೆಲ್ಲುತ್ತದೆ. ಅದಕ್ಕೆ ಕೆಂಪು ಬಣ್ಣ ಕೊಟ್ಟು ಚಿತ್ರ ಮಾಡಿದರೆ ಕಾಲುವೆ ಗೆರೆ ಎಳೆದ ಹಾಗೆ ಕಾಣುತ್ತದೆ: ನೀರು ಹರಿದ ಕೆಳಬದಿ ಕೆಂಪು, ಮೇಲ್ಬದಿ ಬೂದು. ಕೆಂಪಿನ ನಡುವೆ ಅಲ್ಲಲ್ಲಿ ಬಿಳಿ ಮಚ್ಚೆ ಇದ್ದರೆ ಅಲ್ಲಿ ಸವಳು ಇರಬಹುದು ಅಂತ ಅನುಮಾನ ಪಡಬೇಕು.

ಅನುಮಾನ ಅಷ್ಟೇ. ಹಳ್ಳದ ಮರಳೂ ಬಿಳಿ, ಸುಣ್ಣಕಲ್ಲಿನ ನೆಲವೂ ಬಿಳಿ, ತಗಡಿನ ಮಾಡೂ ಬಿಳಿ. ಮಳೆಗಾಲದ ಚಿತ್ರ ತೆಗೆದುಕೊಂಡರೆ ಉಪ್ಪು ಕರಗಿಹೋಗಿ ಏನೂ ಕಾಣುವುದಿಲ್ಲ. ಇದಕ್ಕಿಂತ ಜಾಸ್ತಿ ಮೋಸ ಮಾಡುವುದು ಬಳ್ಳಾರಿ ಜಾಲಿ. ಸವಳಾಗಿ ಪಾಳು ಬಿದ್ದ ಹೊಲದಲ್ಲಿ ಅದು ಕಡುಬೇಸಿಗೆಯಲ್ಲೂ ಹಸಿರಾಗಿರುತ್ತದೆ. ಬರೀ ಹಸಿರು ಎಣಿಸುವ ಲೆಕ್ಕಕ್ಕೆ ಅದು ಒಳ್ಳೆ ಬೆಳೆಯ ಹಾಗೇ ಕಾಣುತ್ತದೆ. ಸೋಡಿಯಂ ಜಾಸ್ತಿಯಾದ ಮಣ್ಣಂತೂ ಕಪ್ಪಗೇ ಇರಬಹುದು. ಕೆಟ್ಟಿರುತ್ತದೆ, ಆದರೆ ಬಿಳಿ ತೋರಿಸುವುದಿಲ್ಲ.

ಮರುಭೂಮಿಯಲ್ಲಿ ನೀರಾವರಿ ಮಾಡುವವರಿಗೂ ಇದೇ ಕಷ್ಟ. ರಾಜಸ್ಥಾನದ ಇಂದಿರಾ ಗಾಂಧಿ ಕಾಲುವೆ ಪ್ರದೇಶದಲ್ಲಿ ಕೆಲವು ಕಡೆ ಮೇಲೆ ಮರಳು, ಸ್ವಲ್ಪ ಕೆಳಗೆ ನೀರು ಇಳಿಯದ ಗಟ್ಟಿ ಪದರ. ಕಾಲುವೆ ಬಂದ ಮೇಲೆ ಆ ಮರಳುಗಾಡಿನಲ್ಲೂ ನೀರು ನಿಂತಿತು. ಬೆಳಕಿನಿಂದ ತೆಗೆದ ಉಪಗ್ರಹ ಚಿತ್ರ ನೆಲದ ಚರ್ಮವನ್ನಷ್ಟೇ ನೋಡುತ್ತದೆ. ಒಳಗಿನದು ಗೊತ್ತಾಗಬೇಕಾದರೆ ಅಗೆಯಲೇಬೇಕು.

ಆಳೆತ್ತರ ಗುಂಡಿ ತೋಡಿ ಇಳಿದರೆ ಎರೆ ಮಣ್ಣಿನ ಗೋಡೆಯಲ್ಲಿ ಬಿರುಕು ಎಲ್ಲಿಯವರೆಗೆ ಹೋಗಿದೆ ಅಂತ ಕಾಣುತ್ತದೆ. ಆಳದಲ್ಲಿ ಹೆಂಟೆಗಳು ಒಂದಕ್ಕೊಂದು ಉಜ್ಜಿ ಎಣ್ಣೆ ಸವರಿದ ಹಾಗೆ ಹೊಳೆಯುತ್ತವೆ. ಚಿಟಿಕೆ ಮಣ್ಣಿಗೆ ನೀರು ಹಾಕಿ ನಾದಿ, ಹೆಬ್ಬೆರಳಿನಿಂದ ಒತ್ತಿ ಪಟ್ಟಿ ಮಾಡುತ್ತಾರೆ. ಪಟ್ಟಿ ಉದ್ದ ಬಂದಷ್ಟೂ ಜೇಡಿ ಜಾಸ್ತಿ. ಕೆಂಪು ಮಸಾರಿ ಮಣ್ಣಾದರೆ ಅದು ಬೇಗ ತುಂಡಾಗುತ್ತದೆ. ಎರಡು ಹನಿ ಆಮ್ಲ ಬಿಟ್ಟಾಗ ಬುಸುಬುಸು ನೊರೆ ಬಂದರೆ ಸುಣ್ಣ ಇದೆ ಎಂದರ್ಥ. ಉಪ್ಪನ್ನು ಪ್ರಯೋಗಾಲಯದಲ್ಲಿ ವಿದ್ಯುತ್ ವಾಹಕತೆಯಿಂದ ಅಳೆಯುತ್ತಾರೆ. ಅದು ಮೀಟರಿಗೆ 4 ಡೆಸಿಸೀಮನ್ಸ್ ದಾಟಿದರೆ ಸವಳು ಮಣ್ಣು.

ಆದರೆ ಸವಳು ಅಂದ ಮಾತ್ರಕ್ಕೆ ಹೊಲ ಕೆಲಸಕ್ಕೆ ಬಾರದ್ದು ಅಂತಲ್ಲ. ಇದೇ ಅಳತೆಯಲ್ಲಿ 3 ದಾಟುತ್ತಲೇ ಭತ್ತದ ಇಳುವರಿ ಇಳಿಯತೊಡಗುತ್ತದೆ. ಹತ್ತಿ 7.7ರ ತನಕ ತಡೆದುಕೊಳ್ಳುತ್ತದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1976ರಲ್ಲಿ ಕೊಟ್ಟ ಪದ್ಧತಿಯ ಜೀವಾಳವೇ ಇದು: ನೆಲ ಒಳ್ಳೆಯದೋ ಕೆಟ್ಟದ್ದೋ ಅಂತ ಸುಮ್ನೆ ಕೇಳಬಾರದು, ಯಾವ ಬೆಳೆಗೆ ಅಂತ ಕೇಳಬೇಕು. ಆಳ, ಇಳಿಜಾರು, ಜೇಡಿ, ಉಪ್ಪು, ಸುಣ್ಣ ಎಲ್ಲವನ್ನೂ ಆ ಬೆಳೆಯ ಬೇಡಿಕೆಗೆ ಹೋಲಿಸಿ ದರ್ಜೆ ಕೊಡುತ್ತಾರೆ. ಉಳಿದದ್ದೆಲ್ಲ ಚೆನ್ನಾಗಿದ್ದು ಒಂದೇ ಒಂದು ತೀರಾ ಕೆಟ್ಟಿದ್ದರೂ ದರ್ಜೆ ಇಳಿಯುತ್ತದೆ. ಹಾಗಾಗಿ ಒಂದೇ ಹೊಲ ಹತ್ತಿಗೆ ಸೂಕ್ತ, ಭತ್ತಕ್ಕೆ ಬೇಡ ಅಂತ ಬರಬಹುದು.

ಕೊಪ್ಪಳ ಜಿಲ್ಲೆಯ ಹಲವು ಕಿರು ಜಲಾನಯನಗಳಿಗೆ ರಾಜ್ಯದ ಸುಜಲಾ ಜಲಾನಯನ ಯೋಜನೆಯಲ್ಲಿ ಹೀಗೆ ಬೆಳೆವಾರು ದರ್ಜೆ ತೋರಿಸುವ ನಕ್ಷೆ ಆಗಿದೆ. ಅದರ ಅಳತೆ 1:7920, ಅಂದರೆ ನಕ್ಷೆಯ ಒಂದು ಸೆಂಟಿಮೀಟರ್ ನೆಲದ 79 ಮೀಟರ್. ಸರ್ವೆ ನಂಬರ್ ಹುಡುಕಿದರೆ ನಿಮ್ಮ ಹೊಲದ ಮಣ್ಣು ಸಿಗುವಷ್ಟು ಹತ್ತಿರದ ನೋಟ ಅದು. ಇಂಥ ನಕ್ಷೆ ಎಲ್ಲ ರೈತರ ಕೈಗೂ ಸಿಗಬೇಕು ಅಂತ ನನಗೆ ತುಂಬಾ ಅನಿಸುತ್ತದೆ. ಯಾಕಂದರೆ ಎಷ್ಟೋ ಜನ ಪರೀಕ್ಷೆ ಮಾಡಿಸದೆಯೇ ಜಿಪ್ಸಂ ತಂದು ಸುರಿಯುತ್ತಾರೆ. ಜಿಪ್ಸಂ ಬೇಕಾಗುವುದು ಸೋಡಿಯಂ ಜಾಸ್ತಿಯಾದ ಮಣ್ಣಿಗೆ. ಬರೀ ಉಪ್ಪಿನ ಸವಳಿಗೆ ಬೇಕಾದದ್ದು ಒಳ್ಳೆ ನೀರು, ಆ ನೀರು ಉಪ್ಪನ್ನು ತೊಳೆದುಕೊಂಡು ಹೊರಗೆ ಹೋಗಲು ದಾರಿ.

ಮಾರ್ಚ್ ಚಿತ್ರದಲ್ಲಿ ಬಿಳಿ ಕಂಡ ಮೂಲೆಗೆ ಗುದ್ದಲಿ ತೆಗೆದುಕೊಂಡು ಹೋಗಿ. ಮೊಣಕಾಲುದ್ದ ಅಗೆಯುವಷ್ಟರಲ್ಲಿ ಗೋಡೆಯಿಂದ ನೀರು ಒಸರಿದರೆ ಅಲ್ಲಿ ಮೊದಲು ಬಸಿಗಾಲುವೆ, ಬೆಳೆಯ ಮಾತು ಆಮೇಲೆ.