ಹೆರೆಸಿ: ‘ಆಯ್ಕೆ’ ಎಂಬ ಪದ ‘ತಪ್ಪು’ ಆದ ಕಥೆ

ಕ್ರೈಸ್ತ ಧರ್ಮದ ಮೊದಲ ಶತಮಾನಗಳ ಬಗ್ಗೆ ಓದಲು ಕೂತರೆ ‘ಹೆರೆಸಿ’ ಎಂಬ ಪದ ಬೇಗನೆ ಎದುರಾಗುತ್ತದೆ. ಕ್ರೈಸ್ತ ಸಭೆ ತಪ್ಪೆಂದು ತಳ್ಳಿಹಾಕಿದ ಬೋಧನೆಗೆ ಈ ಹೆಸರು. ಕನ್ನಡದಲ್ಲಿ ಇದನ್ನು ‘ಪಾಷಂಡ ಮತ’ ಎನ್ನುವುದುಂಟು. ಕೇಳಿದರೇ ಬೈಗುಳದ ಹಾಗಿದೆ, ಅಲ್ವಾ?

ಇದರ ಮೂಲ ಗ್ರೀಕ್ ಪದ ‘ಹೈರೆಸಿಸ್’. ಅರ್ಥ ‘ಆಯ್ಕೆ’, ಅಷ್ಟೇ. ಒಬ್ಬರು ಆರಿಸಿಕೊಂಡ ಪಂಥಕ್ಕೂ ಅದೇ ಹೆಸರು. ಬೈಬಲಿನ ‘ಅಪೊಸ್ತಲರ ಕೃತ್ಯಗಳು’ ಪುಸ್ತಕದಲ್ಲಿ ಯೆಹೂದಿ ಪಂಥಗಳಾದ ಫರಿಸಾಯರೂ ಸದ್ದುಕಾಯರೂ ಹೈರೆಸಿಸ್‌ಗಳೇ. ನಮ್ಮ ‘ಪಾಷಂಡ’ದ ಕಥೆಯೂ ಹೀಗೆಯೇ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಅಶೋಕನ 12ನೇ ಶಾಸನ ಸಿಕ್ಕಿದೆ. ಎಲ್ಲ ಪಾಷಂಡಗಳನ್ನೂ ಗೌರವಿಸಿ ಎಂದು ಹೇಳುವ ಶಾಸನ ಅದು. ಅಲ್ಲಿ ಪಾಷಂಡ ಎಂದರೆ ಬರೀ ಪಂಥ. ಬೈಗುಳ ಆಮೇಲೆ ಅಂಟಿಕೊಂಡಿತು.

ಹೈರೆಸಿಸ್‌ಗೆ ಅದು ಗಟ್ಟಿಯಾಗಿ ಅಂಟಿದ್ದು 2ನೇ ಶತಮಾನದಲ್ಲಿ. ಹಳೆ ಒಡಂಬಡಿಕೆಯ (ಬೈಬಲಿನ ಮೊದಲ ಭಾಗದ) ದೇವರೇ ಬೇರೆ, ಯೇಸುವಿನ ತಂದೆಯೇ ಬೇರೆ ಎಂದ ಮಾರ್ಸಿಯನ್‌ನನ್ನು ರೋಮ್‌ನ ಕ್ರೈಸ್ತ ಸಭೆ ಸುಮಾರು 144ರಲ್ಲಿ ಹೊರಗೆ ಹಾಕಿತು. ಸುಮಾರು 180ರಲ್ಲಿ ಈಗಿನ ಫ್ರಾನ್ಸಿನ ಲಿಯೋನ್‌ನ ಬಿಷಪ್ ಐರೇನಿಯಸ್ ಇಂಥ ಪಂಥಗಳನ್ನು ಖಂಡಿಸಿ ಐದು ಪುಸ್ತಕ ಬರೆದ. ಅಪೊಸ್ತಲರು (ಯೇಸುವಿನ ಮೊದಲ ಪ್ರಚಾರಕರು) ಕಲಿಸಿದ ಸತ್ಯವೇ ಮೊದಲು, ಹೆರೆಸಿ ಅದರಿಂದ ಜಾರಿದ್ದು ಎಂಬುದು ಅವನ ವಾದ. ಆ ಸರಿಯಾದ ನಂಬಿಕೆಗೆ ಬಂದ ಹೆಸರು ‘ಆರ್ಥಡಾಕ್ಸಿ’. ‘ಆರ್ಥೋಸ್’ ಎಂದರೆ ನೆಟ್ಟಗಿನದು, ‘ಡಾಕ್ಸಾ’ ಎಂದರೆ ಅಭಿಪ್ರಾಯ.

1934ರಲ್ಲಿ ಜರ್ಮನ್ ವಿದ್ವಾಂಸ ವಾಲ್ಟರ್ ಬಾವರ್ ಈ ಕ್ರಮವನ್ನೇ ಪ್ರಶ್ನಿಸಿದ. ಈಗಿನ ಟರ್ಕಿಯಲ್ಲಿರುವ ಎಡೆಸ್ಸಾದಂಥ ಊರುಗಳಿಗೆ ಮೊದಲು ಬಂದದ್ದೇ ಮುಂದೆ ಹೆರೆಸಿ ಅನ್ನಿಸಿಕೊಂಡ ಕ್ರೈಸ್ತ ಮತ ಎಂದ. ಅವನ ಎಷ್ಟೋ ವಿವರಗಳನ್ನು ಆಮೇಲಿನವರು ಒಪ್ಪಲಿಲ್ಲ. ಆದರೂ ಅವನ ಪ್ರಶ್ನೆಯನ್ನು ದಾಟಿ ಹೋಗಲು ಆಗುವುದಿಲ್ಲ. ಈ ಜಗಳದಲ್ಲಿ ಸೋತು ಹೆರೆಸಿ ಅನ್ನಿಸಿಕೊಂಡವರ ಬರಹಗಳು ಹೆಚ್ಚಾಗಿ ಉಳಿಯಲಿಲ್ಲ. ಅವರು ಏನು ನಂಬಿದ್ದರು ಎಂದು ನಮಗೆ ಬಹುಕಾಲ ಹೇಳಿದವರು ಅವರ ವಿರೋಧಿಗಳೇ.

1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿ ಬಳಿ ಕಾಪ್ಟಿಕ್ ಭಾಷೆಯ ಹಳೆಯ ಹಸ್ತಪ್ರತಿಗಳು ಸಿಕ್ಕವು. ಐರೇನಿಯಸ್ ‘ಸತ್ಯದ ಸುವಾರ್ತೆ’ ಎಂಬ ಪುಸ್ತಕವೊಂದನ್ನು ಹೀಗಳೆದಿದ್ದ. ಅದೇ ಇರಬಹುದು ಎಂದು ಎಷ್ಟೋ ವಿದ್ವಾಂಸರು ನಂಬುವ ಬರಹ ಅವುಗಳಲ್ಲಿದೆ. ಈ ವಿಷಯಕ್ಕೆ ಹೊಸದಾಗಿ ಬರುವವರು ಐರೇನಿಯಸ್‌ನ ಜೊತೆಗೇ ಅದನ್ನೂ ಓದಬೇಕು. ಅದು ಶುರುವಾಗುವುದು ಜಗಳದಿಂದಲ್ಲ. ಈ ಸುವಾರ್ತೆ ಆನಂದ ಎಂಬ ಮಾತಿನಿಂದ.