ಟಾರ್ಪಿಡೋ ತಿಂದು ಬದುಕಿದ ‘ಮೈಸೂರು’: ಏಟು ಬಿದ್ದ ಯುದ್ಧನೌಕೆ ವಾಪಸ್ ಬರೋದು ಹೇಗೆ?

2024ರ ಜುಲೈನಲ್ಲಿ ಮುಂಬಯಿಯ ನೌಕಾ ಡಾಕ್‌ಯಾರ್ಡ್‌ನಲ್ಲಿ ಐಎನ್‌ಎಸ್ ಬ್ರಹ್ಮಪುತ್ರಕ್ಕೆ ಬೆಂಕಿ ಬಿತ್ತು. ಮರುದಿನ ಹಡಗು ಎಡಕ್ಕೆ ವಾಲಿ ಮಲಗೇ ಬಿಟ್ಟಿತು. ಒಬ್ಬ ನಾವಿಕ ಜೀವ ಕಳೆದುಕೊಂಡರು. ಆ ಫೋಟೋ ನೋಡಿದ ಮಾಟುಂಗಾ ಕಡೆಯ ನಮ್ಮ ಮಂದಿಯ ಬಾಯಲ್ಲಿ ಒಂದೇ ಮಾತು, ‘ಇನ್ನೇನು, ದಾರುಖಾನಾಕ್ಕೆ ಹೋಯ್ತು ಬಿಡಿ’. ರೇ ರೋಡ್ ಪಕ್ಕದ ದಾರುಖಾನಾದಲ್ಲಿ ಹಡಗು ಒಡೆದು ಗುಜರಿ ಮಾಡುತ್ತಾರೆ, ಹಳೆಯ ವಿಕ್ರಾಂತ್ 2014ರಲ್ಲಿ ಹೋಗಿದ್ದೂ ಅಲ್ಲಿಗೇ. ಹಾಗಾಗಿ ಹಾಗನ್ನಿಸೋದು ಸಹಜ. ನೌಕಾಪಡೆ ಮಾತ್ರ ಇದನ್ನು ಎತ್ತಿ ನಿಲ್ಲಿಸಿ ಮತ್ತೆ ಸಮುದ್ರಕ್ಕೆ ಬಿಡುತ್ತೇವೆ ಅಂತ ಹೇಳಿತು.

ಕೇಳಿದರೆ ಹಟದ ಮಾತಿನ ಹಾಗಿದೆ, ಅಲ್ವಾ? ಆದರೆ ಸ್ವಾತಂತ್ರ್ಯದ ನಂತರ ಇದೇ ಬೊಂಬಾಯಿಯಲ್ಲಿ ಲಂಗರು ಹಾಕುತ್ತಿದ್ದ ದೊಡ್ಡ ತೋಪುಗಳ ಯುದ್ಧನೌಕೆಗಳಾದ ನಮ್ಮ ಎರಡು ಕ್ರೂಸರ್‌ಗಳೂ ಯುದ್ಧದಲ್ಲಿ ಏಟು ತಿಂದು, ಹೊಲಿಗೆ ಹಾಕಿಸಿಕೊಂಡು ಬಂದವೇ. ಅದರಲ್ಲಿ ಒಂದರ ಹೆಸರು ‘ಮೈಸೂರು’.

ಅದರ ಮೊದಲ ಹೆಸರು ಎಚ್‌ಎಂಎಸ್ ನೈಜೀರಿಯಾ. 1940ರಲ್ಲಿ ಬ್ರಿಟಿಷ್ ನೌಕಾಪಡೆ ಸೇರಿತು. 1942ರ ಆಗಸ್ಟ್ 12ರ ಸಂಜೆ, ಮುತ್ತಿಗೆಯಲ್ಲಿದ್ದ ಮಾಲ್ಟಾ ದ್ವೀಪಕ್ಕೆ ಎಣ್ಣೆ, ಆಹಾರ ಸಾಗಿಸುವ ಹಡಗುಗಳಿಗೆ ಕಾವಲಾಗಿ ಹೋಗುತ್ತಿದ್ದಾಗ ಇಟಲಿಯ ‘ಆಕ್ಸುಮ್’ ಸಬ್‌ಮರೀನ್ ನಾಲ್ಕು ಟಾರ್ಪಿಡೋ ಬಿಟ್ಟಿತು. ಒಂದೇ ಸಲದ ಆ ಹೊಡೆತಕ್ಕೆ ಸಿಕ್ಕಿದ್ದು ಮೂರು ಹಡಗು: ನೈಜೀರಿಯಾ, ಕೈರೋ ಎಂಬ ಇನ್ನೊಂದು ಕ್ರೂಸರ್, ಮತ್ತೆ ‘ಒಹಾಯೋ’ ಟ್ಯಾಂಕರ್. ಕೈರೋದ ಹಿಂಭಾಗವೇ ಹಾರಿಹೋಯಿತು. ಅದನ್ನು ಉಳಿಸಲಾಗದೆ ತಾವೇ ಮುಳುಗಿಸಿದರು. ನೈಜೀರಿಯಾದಲ್ಲಿ 52 ಜನ ಸತ್ತರು, ಹಡಗು ವಾಲಿತು, ಆದರೆ ಯಂತ್ರ ನಡೆಯುತ್ತಿತ್ತು. ಹಾಗೇ ಕುಂಟುತ್ತಾ ಜಿಬ್ರಾಲ್ಟರ್ ಮುಟ್ಟಿತು. ಅಲ್ಲಿಂದ ಅಟ್ಲಾಂಟಿಕ್ ದಾಟಿ ಅಮೆರಿಕದ ಚಾರ್ಲ್ಸ್‌ಟನ್ ಯಾರ್ಡ್‌ಗೆ ಹೋಗಿ ಸುಮಾರು ಒಂಬತ್ತು ತಿಂಗಳು ರಿಪೇರಿ ಮಾಡಿಸಿಕೊಂಡಿತು.

ಪಕ್ಕೆ ಒಡೆದ ಹಡಗನ್ನು ಅಮೆರಿಕದವರೆಗೂ ಯಾಕೆ ಒಯ್ದರು ಅಂತ ಕೇಳಬಹುದು. ಬ್ರಿಟನ್ನಿನ ಡಾಕ್‌ಗಳೆಲ್ಲ ತುಂಬಿದ್ದವು, ಮೇಲೆ ಬಾಂಬ್ ಭಯ ಬೇರೆ. ಅಮೆರಿಕದಲ್ಲಿ ಜಾಗವಿತ್ತು, ಉಕ್ಕಿತ್ತು, ಕೆಲಸಗಾರರಿದ್ದರು. ಏಟು ಬಿದ್ದ ಹಡಗಿನ ಹಣೆಬರಹ ಬರೆಯೋದು ತೂತಿನ ಗಾತ್ರಕ್ಕಿಂತ ಜಾಸ್ತಿ ಡಾಕ್ ಖಾಲಿ ಇದೆಯಾ, ಹಡಗಿನ ವಯಸ್ಸೆಷ್ಟು, ಅದರ ಅಗತ್ಯ ಎಷ್ಟಿದೆ ಅನ್ನೋ ಮೂರು ಪ್ರಶ್ನೆಗಳು ಅಂತ ನನಗನ್ನಿಸುತ್ತದೆ. ಎರಡು ವರ್ಷ ಹಳೆಯ ಕ್ರೂಸರನ್ನು 1942ರಲ್ಲಿ ಯಾರೂ ಎಸೆಯುವ ಸ್ಥಿತಿಯಲ್ಲಿರಲಿಲ್ಲ.

ಭಾರತ ಅದನ್ನು ಕೊಂಡು ಮತ್ತೊಮ್ಮೆ ರೀಫಿಟ್ (ಪೂರ್ತಿ ನವೀಕರಣ) ಮಾಡಿಸಿತು. 1957ರ ಆಗಸ್ಟ್ 29ಕ್ಕೆ ಅದು ಐಎನ್‌ಎಸ್ ಮೈಸೂರ್ ಆಯಿತು, 12ರ ಬದಲು 9 ದೊಡ್ಡ ತೋಪುಗಳೊಂದಿಗೆ. 1961ರ ಡಿಸೆಂಬರ್‌ನಲ್ಲಿ ಗೋವಾ ವಿಮೋಚನೆಯ ವೇಳೆ ನಮ್ಮ ಕಾರವಾರದ ಎದುರಿಗೇ ಇರುವ ಅಂಜದೀವ್ ದ್ವೀಪದ ಕಾರ್ಯಾಚರಣೆಗೆ ತ್ರಿಶೂಲ್ ಜೊತೆ ಹೋಗಿದ್ದು ಇದೇ ಹಡಗು. 1971ರಲ್ಲಿ ಪಶ್ಚಿಮ ನೌಕಾಬಳಗದ ಮುಖ್ಯ ಹಡಗೂ ಇದೇ. 1985ರಲ್ಲಿ ನಿವೃತ್ತಿಯಾಯಿತು. ಟಾರ್ಪಿಡೋ ತಿಂದಮೇಲೆ 43 ವರ್ಷ! ಈಗಿನ ಐಎನ್‌ಎಸ್ ಮೈಸೂರ್ ಬೇರೆ, 1999ರಲ್ಲಿ ಸೇವೆಗೆ ಬಂದದ್ದು, ಮಝಗಾಂವ್ ಡಾಕ್‌ನಲ್ಲಿ ಕಟ್ಟಿದ್ದು. ಅದರ ಲಾಂಛನದಲ್ಲಿ ನಮ್ಮ ಗಂಡಭೇರುಂಡ ಇದೆ.

ಇನ್ನೊಂದು ಕ್ರೂಸರ್ ಐಎನ್‌ಎಸ್ ಡೆಲ್ಲಿ, ನ್ಯೂಜಿಲೆಂಡ್ ನೌಕಾಪಡೆಯಲ್ಲಿ ‘ಅಕಿಲೀಸ್’ ಆಗಿದ್ದದ್ದು. 1943ರ ಜನವರಿ 5ರಂದು ಪೆಸಿಫಿಕ್ ಸಾಗರದ ಗ್ವಾಡಲ್‌ಕನಾಲ್ ಹತ್ತಿರ ಜಪಾನಿ ಬಾಂಬ್ ಬಿದ್ದು ಅದರ ಒಂದು ತೋಪಿನ ಗೋಪುರ ಪುಡಿಯಾಯಿತು, 13 ಜನ ಸತ್ತರು. ರಿಪೇರಿಗೆ ಇಂಗ್ಲೆಂಡಿನ ಪೋರ್ಟ್ಸ್‌ಮತ್‌ಗೆ ಒಯ್ದರು. ಅಲ್ಲಿ ಜೂನ್ 22ರಂದು ಎಣ್ಣೆ ಟ್ಯಾಂಕ್ ಸ್ಫೋಟಿಸಿ 14 ಡಾಕ್ ಕೆಲಸಗಾರರು ಸತ್ತರು. ಯುದ್ಧದ ಬಾಂಬ್‌ಗಿಂತ ರಿಪೇರಿಯೇ ಒಂದು ಜೀವ ಜಾಸ್ತಿ ತಿಂದಿತು. ಇಂಥವರ ಹೆಸರು ಯಾವ ಯುದ್ಧ ಸ್ಮಾರಕದ ಮುಂದಿನ ಸಾಲಿಗೂ ಬರೋದಿಲ್ಲ, ಅದು ಬೇರೆ ಮಾತು. ಹಾಳಾದ ಗೋಪುರದ ಜಾಗಕ್ಕೆ ಅದೇ ಥರದ್ದನ್ನು ಕೂರಿಸಲಿಲ್ಲ. ವಿಮಾನ ಹೊಡೆಯುವ ಸಣ್ಣ ತೋಪುಗಳನ್ನು ಹಾಕಿದರು, ಯಾಕೆಂದರೆ ಅಷ್ಟೊತ್ತಿಗೆ ನಿಜವಾದ ಅಪಾಯ ಆಕಾಶದಿಂದ ಬರುತ್ತಿತ್ತು. ಹಾಗಾಗಿ 1948ರಲ್ಲಿ ನಮಗೆ ಸಿಕ್ಕಾಗ ಅದರಲ್ಲಿ ಎಂಟರ ಬದಲು ಆರೇ ದೊಡ್ಡ ತೋಪು. ಹಡಗು ಇದ್ದ ಹಾಗೇ ವಾಪಸ್ ಬರೋದು ಅಪರೂಪ.

ಸರಿ, ರಿಪೇರಿ ನಡೆಯೋದು ಹೇಗೆ? ಉಕ್ಕು ಕತ್ತರಿಸಿ ಹೊಸ ತಗಡು ಬೆಸೆಯೋದು ಕಣ್ಣಿಗೆ ಕಾಣುವ ಕೆಲಸ, ಆದರೆ ಅದೇ ಸುಲಭದ್ದು. ಮೊದಲು ನೀರು ಹೊರಗೆ ಹಾಕಬೇಕು. ಬೆಂಕಿ ಆರಿಸಲು ಸುರಿದ ನೀರಿರಲಿ, ಸಮುದ್ರದಿಂದ ನುಗ್ಗಿದ್ದಿರಲಿ, ಒಳಗೆ ಸ್ವಲ್ಪ ನೀರು ಓಡಾಡುತ್ತಿದ್ದರೂ ಸಾಕು. ಪರಾತದಲ್ಲಿ ನೀರು ತುಂಬಿ ಹೊತ್ತವರಿಗೆ ಗೊತ್ತು, ಒಂಚೂರು ವಾಲಿದರೆ ನೀರೆಲ್ಲ ಆ ಕಡೆಗೇ ಓಡಿ ಇನ್ನೂ ವಾಲಿಸುತ್ತದೆ. ಸಾವಿರಾರು ಟನ್ ಹಡಗಿಗೂ ಅದೇ ಗತಿ.

ಉಪ್ಪುನೀರು ಕುಡಿದ ಮೋಟರ್, ಪಂಪ್, ಸ್ವಿಚ್‌ಬೋರ್ಡ್‌ಗಳನ್ನು ಕೂಡಲೇ ಸಿಹಿನೀರಿನಲ್ಲಿ ತೊಳೆದು ಒಣಗಿಸಬೇಕು, ಇಲ್ಲದಿದ್ದರೆ ಗಾಳಿ ತಾಗಿದ ಕೂಡಲೇ ತುಕ್ಕು ಶುರು. ಕೇಬಲ್ಲುಗಳು ಇನ್ನೂ ತಲೆನೋವು. ಸುಟ್ಟಿದ್ದು ಮೂರು ಕೋಣೆಯೇ ಆದರೂ ಅದರೊಳಗೆ ಹಾದುಹೋದ ಕೇಬಲ್ ಹಡಗಿನ ಉದ್ದಕ್ಕೂ ಹೋಗಿರುತ್ತದೆ, ಅದನ್ನು ಎಳೆದು ತೆಗೆದು ಹೊಸದು ಹಾಕುವಷ್ಟರಲ್ಲಿ ತಿಂಗಳುಗಳೇ ಕಳೆಯುತ್ತವೆ. ಸ್ಫೋಟದ ಧಕ್ಕೆಗೆ ತಳದ ಬೆನ್ನೆಲುಬು ಸ್ವಲ್ಪವೇ ಬಾಗಿದ್ದರೂ ಪ್ರೊಪೆಲರ್ ಶಾಫ್ಟ್ ನೇರ ಕೂರುವುದಿಲ್ಲ. ಹೊಸ ಬೆಸುಗೆಗೂ ಪರೀಕ್ಷೆ ಇದೆ. ಕೋಣೆಯ ಬಾಗಿಲು ಬಿಗಿದು ಒಳಗೆ ಗಾಳಿ ತುಂಬುತ್ತಾರೆ, ಹೊರಗಿನಿಂದ ಬೆಸುಗೆಯ ಉದ್ದಕ್ಕೂ ಸೋಪಿನ ನೀರು ಬಳಿಯುತ್ತಾರೆ. ಎಲ್ಲಾದರೂ ಒಂದು ಗುಳ್ಳೆ ಎದ್ದರೆ ಮತ್ತೆ ಮೊದಲಿಂದ.

ಅವಸರದ ರಿಪೇರಿಯ ಕಥೆ ಗೊತ್ತೇ ಇದೆ: ಅಮೆರಿಕದ ‘ಯಾರ್ಕ್‌ಟೌನ್’ ವಿಮಾನವಾಹಕ ಏಟು ತಿಂದು 1942ರ ಮೇ 27ಕ್ಕೆ ಪರ್ಲ್ ಹಾರ್ಬರ್‌ಗೆ ಬಂದು 30ಕ್ಕೇ ಹೊರಟಿತು. ಮಿಡ್‌ವೇ ಯುದ್ಧದಲ್ಲಿ ದುಡಿದು, ಜೂನ್ 7ಕ್ಕೆ ಮುಳುಗಿಯೂ ಹೋಯಿತು. ಅದು ತೇಪೆ, ರಿಪೇರಿ ಅಲ್ಲ. ನಿಜವಾದ ಕೆಲಸ ನೋಡಬೇಕಿದ್ದರೆ 1988ರಲ್ಲಿ ಪರ್ಶಿಯನ್ ಕೊಲ್ಲಿಯಲ್ಲಿ ನೀರಿನಲ್ಲಿಟ್ಟ ಮೈನ್ (ಸ್ಫೋಟಕ) ಸಿಡಿದು ಬೆನ್ನು ಮುರಿದ ಅಮೆರಿಕದ ಯುದ್ಧನೌಕೆ ‘ಸ್ಯಾಮ್ಯುಯೆಲ್ ಬಿ. ರಾಬರ್ಟ್ಸ್’ ಇದೆ. ಅದನ್ನು ಇನ್ನೊಂದು ಹಡಗಿನ ಮೇಲೆ ಹೊತ್ತು ಮನೆಗೆ ತಂದು, ಹಾಳಾದ ಭಾಗ ಕತ್ತರಿಸಿ ತೆಗೆದು, ಮುನ್ನೂರು ಟನ್‌ಗೂ ಮಿಕ್ಕಿದ ಹೊಸ ತುಂಡನ್ನು ಬೇರೆಯೇ ಕಟ್ಟಿ ತಳದಿಂದ ಕೂರಿಸಿ ಬೆಸೆದರು. ಮರುವರ್ಷ ಹಡಗು ಸಮುದ್ರದಲ್ಲಿತ್ತು.

ಅಗತ್ಯ ಇಲ್ಲದಿದ್ದರೆ ಏನಾಗುತ್ತದೆ ಅನ್ನೋದಕ್ಕೆ ಉದಾಹರಣೆ ಗೋವಾದಲ್ಲೇ ಇದೆ. 1961ರ ಡಿಸೆಂಬರ್ 18ರಂದು ಮುರ್ಗಾಂವ್ ಬಂದರಿನಲ್ಲಿ ಪೋರ್ಚುಗಲ್‌ನ ‘ಅಫೋನ್ಸೊ ದೆ ಅಲ್ಬುಕರ್ಕ್’ ನಮ್ಮ ಬೇತ್ವಾ, ಬಿಯಾಸ್ ಹಡಗುಗಳ ಗುಂಡಿಗೆ ಸಿಕ್ಕಿ, ಕೊನೆಗೆ ದೋನಾ ಪೌಲಾ ಕಡೆ ಮರಳಿಗೆ ಏರಿ ನಿಂತಿತು. ನಮ್ಮವರು ಹೊಸ ಹೆಸರಿಟ್ಟರು, 1962ರಲ್ಲಿ ಬೊಂಬಾಯಿಗೆ ಎಳೆದು ತಂದರು, ಆಮೇಲೆ ಗುಜರಿಗೆ ಮಾರಿದರು. 1934ರ ಹಡಗದು. ಡಾಕ್ ಇತ್ತು, ಕೆಲಸಗಾರರಿದ್ದರು. ಆದರೆ ಆ ಹಡಗು ಯಾರಿಗೆ ಬೇಕಿತ್ತು?

ಇದೇ ಲೆಕ್ಕ ಇತ್ತೀಚಿನ ಮುಂಬಯಿ ಅವಘಡಗಳಿಗೂ ಹೊಂದುತ್ತದೆ, ಅವು ಯುದ್ಧದ ಏಟಲ್ಲದಿದ್ದರೂ. 2011ರಲ್ಲಿ ಸರಕು ಹಡಗು ಡಿಕ್ಕಿಯಾಗಿ ಬೆಂಕಿ ಬಿದ್ದು ಮುಳುಗಿದ ಯುದ್ಧನೌಕೆ ವಿಂಧ್ಯಗಿರಿಗೆ ಆಗಲೇ ಸುಮಾರು 30 ವರ್ಷ. ಎತ್ತಿದರೂ ಮರುವರ್ಷ ಸೇವೆಯಿಂದ ತೆಗೆದರು. 2013ರಲ್ಲಿ ಸ್ಫೋಟಿಸಿ 18 ಜನರನ್ನು ಬಲಿ ತೆಗೆದುಕೊಂಡ ಸಿಂಧುರಕ್ಷಕ್ ಸಬ್‌ಮರೀನ್ ರಷ್ಯಾದಲ್ಲಿ ನವೀಕರಣ ಮುಗಿಸಿ ಅದೇ ವರ್ಷ ಬಂದಿತ್ತು, ಆದರೂ ಒಳಗಿನ ಶಸ್ತ್ರಗಳೇ ಸಿಡಿದಮೇಲೆ ಉಳಿಸಲು ಏನೂ ಇರಲಿಲ್ಲ. 2016ರ ಡಿಸೆಂಬರ್ 5ರಂದು ಡ್ರೈಡಾಕ್ (ನೀರು ಖಾಲಿ ಮಾಡಿ ಹಡಗು ರಿಪೇರಿ ಮಾಡುವ ತೊಟ್ಟಿ) ಒಳಗೇ ಮಗುಚಿದ ಹೊಸ ಬೇತ್ವಾ ಮಾತ್ರ 12 ವರ್ಷದ್ದು. ಇಬ್ಬರು ನಾವಿಕರು ಸತ್ತರು. ಹಡಗನ್ನು ನೆಟ್ಟಗೆ ನಿಲ್ಲಿಸಿದರು, ಅದು ಸೇವೆಗೂ ಮರಳಿತು.

ಬೇತ್ವಾ ಮಗುಚಿದ ಕ್ಷಣ ಯಾವುದು ಗೊತ್ತಾ? ಡಾಕ್‌ಗೆ ನೀರು ಬಿಟ್ಟು ಹಡಗನ್ನು ತೇಲಿಸುವಾಗ. ಡ್ರೈಡಾಕ್‌ನಲ್ಲಿ ಹಡಗು ಸಾಲಾಗಿ ಜೋಡಿಸಿದ ಬ್ಲಾಕ್‌ಗಳ ಮೇಲೆ ಕೂತಿರುತ್ತದೆ. ಭಾರ ಬ್ಲಾಕ್‌ನಿಂದ ನೀರಿಗೆ, ಅಥವಾ ನೀರಿನಿಂದ ಬ್ಲಾಕ್‌ಗೆ ವರ್ಗವಾಗುವ ಆ ಹೊತ್ತಿನಲ್ಲಿ ಹಡಗು ಅರ್ಧ ತೇಲುತ್ತಾ ಅರ್ಧ ಕೂತಿರುತ್ತದೆ. ಅದರ ಸ್ಥಿರತೆ ತೀರಾ ಕಡಿಮೆ ಇರೋದು ಆಗಲೇ. ಯಾವ ಟ್ಯಾಂಕಿನಲ್ಲಿ ಎಷ್ಟು ಎಣ್ಣೆ, ಎಷ್ಟು ನೀರು ಅನ್ನೋ ಲೆಕ್ಕ ಪಕ್ಕಾ ಇರಬೇಕು.

ಹಾಗಾಗಿ ಕೊನೆಗೆ ಮಾತು ಡಾಕ್‌ಗೇ ಬಂದು ನಿಲ್ಲುತ್ತದೆ. 1736ರಲ್ಲಿ ಸೂರತ್‌ನಿಂದ ಬಂದ ಲೌಜಿ ವಾಡಿಯಾ ಹಡಗು ಕಟ್ಟಲು ಶುರು ಮಾಡಿದ ಜಾಗ ನಮ್ಮ ಮುಂಬಯಿ ಡಾಕ್. ಅವರ ಮನೆತನ ಇಲ್ಲಿ ಕಟ್ಟಿ 1817ರಲ್ಲಿ ನೀರಿಗಿಳಿಸಿದ ‘ಟ್ರಿಂಕೊಮಲಿ’ ಹಡಗು ಇವತ್ತಿಗೂ ಇಂಗ್ಲೆಂಡಿನಲ್ಲಿ ತೇಲುತ್ತಿದೆ. ಆದರೆ ಊರು ಬೆಳೆದು ಬಂದರು ಇಕ್ಕಟ್ಟಾಯಿತು. ವಿಮಾನವಾಹಕಗಳೂ ಹಿಡಿಸುವ 281 ಮೀಟರ್ ಉದ್ದದ ಹೊಸ ಡಾಕ್ ಮುಂಬಯಿಗೆ ಸಿಕ್ಕಿದ್ದು 2019ರಲ್ಲಿ. ಅದಕ್ಕೂ ಮೊದಲೇ, 2005ರಲ್ಲಿ, ಕಾರವಾರದಲ್ಲಿ ಐಎನ್‌ಎಸ್ ಕದಂಬ ಶುರುವಾಗಿತ್ತು. ಅಲ್ಲಿ ಶಿಪ್‌ಲಿಫ್ಟ್ ಇದೆ. ಹಡಗನ್ನು ವೇದಿಕೆ ಸಮೇತ ನೀರಿನಿಂದ ಮೇಲೆತ್ತಿ, ಹಳಿಗಳ ಮೇಲೆ ಉರುಳಿಸಿ ಪಕ್ಕಕ್ಕೆ ನಿಲ್ಲಿಸಿ, ಅದೇ ಲಿಫ್ಟಿನಲ್ಲಿ ಮುಂದಿನ ಹಡಗನ್ನು ಎತ್ತಬಹುದು. ಒಂದರ ರಿಪೇರಿ ವರ್ಷಗಟ್ಟಲೆ ಎಳೆದರೂ ಉಳಿದವು ಸಾಲಿನಲ್ಲಿ ಕಾಯಬೇಕಿಲ್ಲ. ಇನ್ನೊಂದು ಯುದ್ಧ ಬಂದು ಹಡಗುಗಳು ಕುಂಟುತ್ತಾ ವಾಪಸ್ ಬರುವಂತಾದರೆ, ಮುಂಬಯಿಗಿಂತ ಜಾಸ್ತಿ ಭಾರ ಹೊರಬೇಕಾಗೋದು ಕಾರವಾರವೇ ಅಂತ ನನ್ನ ಲೆಕ್ಕ.